ಪ್ರಿನ್ಸಿಪಾಲ್ ಮೇಡಂ ಇಟ್ಟ ಎಡೆ

೧೯೮೯ರ ಜನವರಿ ೧೬, ಸೋಮವಾರ. ಮುಂಬಯಿಯ ಚೆಂಬೂರಿನ ಠಾಣೆಗೆ ಬಂದ ಮೈಸೂರಿನ ಶಿಕ್ಷಕಿ ಪಂಕಜಾ ಕೊಟ್ಟ ದೂರನ್ನು ಯಾವ ಕಲಮಿನಡಿ ಬರೆದುಕೊಳ್ಳಬೇಕೆಂದು ಇನ್‌ಸ್ಪೆಕ್ಟರ್ ಭೀಮರಾಯನಿಗೆ ತಿಳಿಯಲಿಲ್ಲ.

"ಇಲ್ಲಿನ ಕನ್ನಡ ಶಾಲೆ ಪ್ರಿನ್ಸಿಪಾಲ್ ಸರಸ್ವತಿ, ಬಿ.ಎಡ್.ನಲ್ಲಿ ನನ್ನ ರೂಮ್‌ಮೇಟ್ ಸಾರ್. ಎಷ್ಟೋ ವರ್ಷದ ಮೇಲೆ ನೋಡೋಕೆ ಹೋದೆ. ಅದೇ ಮುಖ, ಅದೇ ದನಿ. ಆದ್ರೆ ಹಾಸ್ಟೆಲಿನ ಒಂದು ಮಾತೂ ನೆನಪಿಲ್ಲ. ಇವಳು ಅವಳಲ್ಲ."

"ಮತ್ಯಾರ್ರಿ?"

"ಅವಳಿ ತಂಗಿ ಅಲಮೇಲು ಇರಬೇಕು. ಇಬ್ಬರೂ ಒಂದೇ ಅಚ್ಚು. ಅಲಮೇಲು ಸತ್ತು ಐದು ವರ್ಷ ಆಯ್ತು ಅಂತಾಳೆ ಇವಳು. ಹಾಗಾದ್ರೆ ನನ್ನ ಸರಸ್ವತಿ ಎಲ್ಲಿ?"

ಭೀಮರಾಯ ನಾಪತ್ತೆ ದೂರು ಬರೆಸಿದ. "ಇಬ್ಬರೊಳಗ ಫರಕು ಏನರೆ ಇತ್ತೇನ್ರಿ?"

"ಹಾಗಲಕಾಯಿ ಗೊಜ್ಜು ಅಂದ್ರೆ ಸರಸ್ವತಿಗೆ ಪ್ರಾಣ. ಅಲಮೇಲು ಅದರ ವಾಸನೆಗೇ ಎದ್ದು ಹೋಗ್ತಿದ್ದಳು."

ಪಂಕಜಾ ಹೋದ ಮೇಲೆ ಕಾನ್‌ಸ್ಟೇಬಲ್ ಚಂದ್ರಾಮ ಮೀಸೆಯಲ್ಲೇ ನಕ್ಕ. "ಸಾಹೇಬ್ರ, ಹಾಗಲಕಾಯಿನ್ನ ಸಾಕ್ಷಿಗೆ ಕರಸೂದೇನ್ರಿ?"

ಪಾಲಿಕೆಯ ಮರಣ ದಾಖಲೆಯಲ್ಲಿ ಅಲಮೇಲು ೧೯೮೪ರ ಜನವರಿ ೧೯ರಂದು ವಿಷಮಶೀತ ಜ್ವರದಿಂದ ಸತ್ತಿದ್ದಳು. ಚಿಕಿತ್ಸೆ ಮಾಡಿದ ಡಾಕ್ಟರೂ ಅದೇ ಜ್ವರವೆಂದರು. ಕೊಲೆಯ ಸುಳಿವಿರಲಿಲ್ಲ. ಶಾಲೆಯಲ್ಲಿದ್ದ ಬಿ.ಎಡ್. ಪದವಿಪತ್ರವೂ ಅಸಲಿಯೇ. ತರಬೇತಿ ಪಡೆದ ಪ್ರಿನ್ಸಿಪಾಲ್ ಇಲ್ಲದಿದ್ದರೆ ಮಾನ್ಯತೆ ರದ್ದು ಎಂದು ಇಲಾಖೆ ನೋಟಿಸು ಕೊಟ್ಟಿದ್ದಾಗ ಸರಸ್ವತಿ ಬಂದು ಶಾಲೆ ಉಳಿಸಿದರೆಂದು ಗುಮಾಸ್ತ ಕೈಮುಗಿದ. ಪ್ರತಿ ಜನವರಿ ೧೯ರಂದು ಮೇಡಂ ರಜೆ ಎಂದೂ ಹೇಳಿದ.

ಆ ಗುರುವಾರ ಮಧ್ಯಾಹ್ನ ಭೀಮರಾಯ ಆಕೆಯ ಮನೆಗೆ ಹೋದ. ಕಿಟಕಿಗಳೆಲ್ಲ ಮುಚ್ಚಿದ್ದವು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ, ಕೆಳಗೆ ದೀಪ, ಬಾಳೆಲೆಯಲ್ಲಿ ಎಡೆ. ಬಾಗಿಲು ತೆರೆದ ಮುಖವೇ ಗೋಡೆಯಿಂದಲೂ ನೋಡುತ್ತಿತ್ತು. ಚಂದ್ರಾಮ ಹೊಸ್ತಿಲಲ್ಲೇ ನಿಂತುಬಿಟ್ಟ.

"ಎಡಿ ಯಾರಿಗ್ರಿ?"

"ತಂಗಿಗೆ. ಇವತ್ತು ಹೋದ ದಿನ."

"ಅವರಿಗೆ ಸೇರೂದನ್ನೇ ಮಾಡೀರೇನು?"

"ಅದೇ ತಾನೇ ಪದ್ಧತಿ."

ಎಲೆಯ ನಡುವೆ ಹಾಗಲಕಾಯಿ ಗೊಜ್ಜಿತ್ತು. ಅದರ ಕಹಿ ವಾಸನೆಗೆ ಆಕೆ ಮೂಗಿಗೆ ಸೆರಗು ಹಿಡಿದಿದ್ದಳು.

"ಅಲಮೇಲು ಅವರಿಗೆ ಇದು ಸೇರತಿತ್ತು?"

ಆಕೆ ದಪ್ಪ ಚೌಕಟ್ಟಿನ ಕನ್ನಡಕವನ್ನು ಹುಬ್ಬಿನವರೆಗೆ ಏರಿಸಿಕೊಂಡಳು.

"ಕನ್ನಡಕ ತೆಗೀರಿ."

ಎಡ ಹುಬ್ಬಿನಲ್ಲಿ ಸೀಳುಗಾಯದ ಹಳೆಯ ಕಲೆ. ಫೋಟೋದ ಹುಬ್ಬಿನಲ್ಲೂ ಅದೇ ಕಲೆ.

"ದಿನಾ ಸಂಜೆ ನನಗೆ ನಾನೇ ದೀಪ ಹಚ್ತೀನಿ," ಎಂದಳು ಅಲಮೇಲು. "ಊಟದಲ್ಲಿ ಮಾತ್ರ ಅವಳಿಗೆ ಮೋಸ ಮಾಡೋಕೆ ಆಗಲಿಲ್ಲ."

ಶಾಲೆಗೆ ಸೇರುವ ಮೊದಲೇ ಸರಸ್ವತಿ ಜ್ವರದಿಂದ ತೀರಿಕೊಂಡಿದ್ದಳು. ಸುದ್ದಿ ಹೇಳಲೆಂದು ಶಾಲೆಗೆ ಹೋದ ಅಲಮೇಲುವನ್ನು ಕಂಡು, ಹೊಸ ಪ್ರಿನ್ಸಿಪಾಲ್ ಬಂದರೆಂದು ಮಕ್ಕಳು ಸಾಲಾಗಿ ಎದ್ದು ನಮಸ್ತೆ ಹೇಳಿದ್ದವು. ಊರಿನಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದರೂ ತರಬೇತಿ ಇಲ್ಲವೆಂದು ಆಕೆಗೆ ಯಾರೂ ಕಾಯಂ ಕೆಲಸ ಕೊಟ್ಟಿರಲಿಲ್ಲ. ಅವಳು ಸುದ್ದಿ ಹೇಳದೆ ಹಿಂದಿರುಗಿ, ಪಾಲಿಕೆಯ ದಾಖಲೆಯಲ್ಲಿ ಸತ್ತವಳಿಗೆ ತನ್ನ ಹೆಸರು ಬರೆಸಿದಳು.

"ಆಮೇಲಾದ್ರೂ ಬಿ.ಎಡ್. ಮಾಡಬೇಕಿತ್ತಲ್ರಿ?"

"ಅರ್ಜಿ ಹಾಕೋಕೆ ಅಲಮೇಲು ಬದುಕಿರಬೇಕಲ್ಲ ಸಾರ್."

ಸಂಜೆ ಎಫ್‌ಐಆರ್ ಆಯಿತು: ಸೋಗು ಹಾಕಿ ವಂಚನೆ, ಕಲಂ ೪೧೯. ಮಹಿಳಾ ಪೊಲೀಸರು ಬಂದಾಗ ಆಕೆ ಕಪಾಟಿನ ಸೀರೆಗಳಡಿಯಿಂದ ಇನ್ನೊಂದು ಫೋಟೋ ತೆಗೆದಳು. ಅದರ ಹುಬ್ಬಿನಲ್ಲಿ ಕಲೆ ಇರಲಿಲ್ಲ.

"ಹಾರ ಇದಕ್ಕೆ ಹಾಕಲಾ?"

ಭೀಮರಾಯ ಆಗಲೆಂದು ತಲೆಯಾಡಿಸಿದ. ಪಂಚನಾಮೆಯಲ್ಲಿ ಗೋಡೆಯ ಫೋಟೋ ಬಂತು. ಹಾರ ಬರಲಿಲ್ಲ.