ಹೋಲಿಕೆಗೆ ಬಂದವಳು

ನನ್ನ ಕುತ್ತಿಗೆಯನ್ನು ಮೊದಲು ಮುಟ್ಟಿದ ಗಂಡಸು ಸಂಗನಬಸವ. ಅದೂ ಅಣ್ಣಿಗೇರಿಯ ಸಮುದಾಯ ಭವನದಲ್ಲಿ, ಹಸಿರು ಪರದೆಯೊಂದರ ಹಿಂದೆ, ಆಚೆ ಹತ್ತು ಜನ ಸರದಿಗೆ ಕೂತಿದ್ದಾಗ. ಅಂಥಲ್ಲಿ ಪ್ರೀತಿ ಎಲ್ಲಿಂದ ಬಂತು ಎಂದು ಕೇಳಬೇಡಿ. ಬಂತು. ಇಪ್ಪತ್ತನಾಲ್ಕು ವರ್ಷ ಬರೀ ಸೂಜಿ ಚುಚ್ಚುವ ಕೈಗಳನ್ನು ಕಂಡವಳಿಗೆ ಅದಕ್ಕೆಷ್ಟು ಹೊತ್ತು ಬೇಕು?

ನನಗೆ ಥಲಸ್ಸೇಮಿಯಾ. ನನ್ನ ಮೈಗೆ ಸರಿಯಾದ ರಕ್ತ ಮಾಡಿಕೊಳ್ಳಲು ಬರುವುದಿಲ್ಲ. ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಇನ್ನೊಬ್ಬರ ರಕ್ತ ಏರಿಸಿಕೊಂಡು ಬರಬೇಕು. ಆ ರಕ್ತದ ಕಬ್ಬಿಣ ಮೈಯಲ್ಲೇ ಕೂಡುತ್ತಾ ಹೋಗುತ್ತದೆ, ಅದನ್ನು ಹೊರಹಾಕಲು ದಿನಾ ಬೆಳಿಗ್ಗೆ ಗುಳಿಗೆ ನೀರಿನಲ್ಲಿ ಕದಡಿ ಕುಡಿಯಬೇಕು. ಸುಣ್ಣದ ನೀರಿನಂತಿರುತ್ತದೆ. ಮಧ್ಯಾಹ್ನದವರೆಗೂ ಹೊಟ್ಟೆ ತೊಳಸುತ್ತದೆ. ಉಳಿದದ್ದರಲ್ಲಿ ನಾನು ಎಲ್ಲರ ಹಾಗೆಯೇ: ಬ್ಲೌಸ್ ಹೊಲಿಯುತ್ತೇನೆ, ಜಗಳ ಆಡುತ್ತೇನೆ.

ಆ ಜನವರಿಯಲ್ಲಿ ಹುಬ್ಬಳ್ಳಿಯ ದವಾಖಾನೆಯವರು ನಮ್ಮೂರಲ್ಲಿ ಶಿಬಿರ ಹಾಕಿದ್ದರು. ನಮ್ಮಂಥವರ ರಕ್ತನಾಳದ ಗೋಡೆ ವಯಸ್ಸಿಗೆ ಮೊದಲೇ ದಪ್ಪವಾಗುತ್ತದೆಯೇ, ಹೃದಯಕ್ಕೆ ಬರುವ ತೊಂದರೆ ಮೊದಲೇ ಕುತ್ತಿಗೆಯಲ್ಲಿ ಕಾಣುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಹೋಲಿಕೆಗೆಂದು ಪ್ರತಿ ರೋಗಿಯೂ ತನ್ನದೇ ವಯಸ್ಸಿನ, ಆರೋಗ್ಯವಾಗಿರುವ ಒಬ್ಬರನ್ನು ಕರೆತರಬೇಕಿತ್ತು. ಹೆಣ್ಣಿಗೆ ಹೆಣ್ಣು, ಗಂಡಿಗೆ ಗಂಡು. ನಾನು ಪಕ್ಕದ ಮನೆಯ ಕಾಕಾನ ಮಗಳು ಮಹಾನಂದಾಳನ್ನು ಕರೆದೊಯ್ದೆ. ಅವಳು ಒಲ್ಲೆ ಎಂದಳು. ನಾನೇ ಪುಸಲಾಯಿಸಿ, ಹೊಸ ಬ್ಲೌಸ್ ಹೊಲಿದುಕೊಡುತ್ತೇನೆಂದು ಆಸೆ ತೋರಿಸಿ ಎಬ್ಬಿಸಿಕೊಂಡು ಹೋದೆ. ಇದನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿಲ್ಲ.

ಒಂದು ವರ್ಷ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ, ಅಲ್ಲಿಯವರೆಗೆ ಯಾರ ರಿಪೋರ್ಟೂ ಯಾರಿಗೂ ಹೇಳುವುದಿಲ್ಲ ಎಂದು ಡಾಕ್ಟರ್ ಮೊದಲೇ ತಿಳಿಸಿದ್ದರು. ಕುತ್ತಿಗೆ ನೋಡುವ ಸ್ಕ್ಯಾನಿಂಗ್ ಮಷೀನ್ ನಡೆಸುವವನು ಅದೇ ದವಾಖಾನೆಯ ಸಂಗನಬಸವ. ನವಲಗುಂದದವನು, ಮೆಲು ದನಿ, ಉದ್ದ ಬೆರಳು.

"ಶಿವದಾರ ಒಂಚೂರು ಸರಿಸಬೇಕಾಗ್ತೈತ್ರಿ" ಎಂದ. "ತಗೀಬ್ಯಾಡ್ರಿ. ಜೆಲ್ ಹತ್ತದಂಗ ನಾ ನೋಡ್ಕೋತೀನಿ."

ಕೊರಳ ಲಿಂಗವನ್ನು ನಾನು ಅಂಗೈಯಲ್ಲಿ ಹಿಡಿದುಕೊಂಡೆ. ಅವನು ಜೇಬಿನಿಂದ ಒಗೆದು ಮಡಿಸಿದ ಕರ್ಚೀಫು ತೆಗೆದು, ದಾರವನ್ನು ಅದರಲ್ಲಿ ಸುತ್ತಿ ಭುಜದ ಮೇಲಿಟ್ಟ. ಬಗ್ಗಿದಾಗ ಅವನ ಕಾಲರಿನೊಳಗೂ ಒಂದು ಶಿವದಾರ ಕಂಡಿತು. ನಾನು ಮಲಗಿದಲ್ಲೇ ಲೆಕ್ಕ ಹಾಕಿದೆ: ನಮ್ಮವನೇ. ನಮ್ಮ ಮನೆಗಳಲ್ಲಿ ಅದೊಂದು ಕೂಡಿ ಬಂದರೆ ಮಿಕ್ಕಿದ್ದನ್ನೆಲ್ಲ ಹಿರಿಯರು ಕೂತು ಮಾತಾಡಿ ಮುಗಿಸುತ್ತಾರೆ. ನಡುವೆ ಇನ್ನೊಂದು ಗೋಡೆ ಇದ್ದೀತು, ಅದು ನನ್ನ ಕುತ್ತಿಗೆಯೊಳಗೇ ಇದ್ದೀತು ಎಂದು ಹೊಳೆಯಲೇ ಇಲ್ಲ.

ಕುತ್ತಿಗೆ ಆ ಕಡೆ ತಿರುಗಿಸಲು ಹೇಳಿದ. ಆ ಕಡೆ ಉಕ್ಕಿನ ಕಪಾಟು, ಅದರ ಬಾಗಿಲ ಕನ್ನಡಿಯಲ್ಲಿ ಅವನ ಮುಖ. ಅವನು ಮಷೀನಿನ ಹಿಡಿಕೆಗೆ ಜೆಲ್ ಹಚ್ಚಿ, ನನ್ನ ಕುತ್ತಿಗೆಗಿಟ್ಟು ಸ್ವಿಚ್ ಒತ್ತಿದ. ನನ್ನ ನಾಡಿ ಕೋಣೆ ತುಂಬ ಕೇಳತೊಡಗಿತು. ಕನ್ನಡಿಯಲ್ಲಿ ಅವನು ನನ್ನನ್ನು ನೋಡಿದ, ನಾಡಿ ಜೋರಾಯಿತು. ನಾಚಿ ಕಣ್ಣು ಮುಚ್ಚಿದೆ, ಇನ್ನೂ ಜೋರಾಯಿತು.

"ಓಡ್ಕೋಂತ ಬಂದ್ರೇನ್ರಿ?"

"ಇಲ್ರಿ. ಆಟೋದಾಗ ಬಂದೆ."

"ಹಂಗಾರ ಇದ್ಯಾಕ ಹಿಂಗ ಬಡ್ಕೋಳಾಕ ಹತ್ತೈತಿ?"

ಕನ್ನಡಿಯಲ್ಲಿ ಅವನು ತುಟಿ ಕಚ್ಚಿ ನಗುತ್ತಿದ್ದ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಹಿಡಿಕೆಯನ್ನು ಹಿಂದೆ ತಂದು ಅದೇ ಜಾಗವನ್ನು ಮತ್ತೆ ಅಳೆದ. ಮೂರನೆಯ ಸಲವೂ ಅಳೆದ. ನನ್ನನ್ನು ಬಿಡಲು ಮನಸ್ಸಿಲ್ಲದೆ ಹೊತ್ತು ಕಳೆಯುತ್ತಿದ್ದಾನೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಎದ್ದು ಕೂತವಳು, ಹೇಳಬಾರದೆಂದು ಗೊತ್ತು, ಆದರೂ ಏನು ಕಂಡಿತು ಎಂದು ಕೇಳಿದೆ. ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ.

"ಅಗದಿ ನಾರ್ಮಲ್ ಐತ್ರಿ" ಎಂದ. ಕರ್ಚೀಫು ನನ್ನ ಬಳಿಯೇ ಉಳಿಯಿತು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.

ಆಮೇಲೆ ರಕ್ತ ಏರಿಸುವ ದಿನಗಳಿಗೆ ನಾನು ಕಾಯತೊಡಗಿದೆ, ಬೇರೆ ಹುಡುಗಿಯರು ಸಿನಿಮಾಕ್ಕೆ ಕಾದ ಹಾಗೆ. ಅವನು ಪೇಪರಿನಲ್ಲಿ ಗಿರ್ಮಿಟ್ ಕಟ್ಟಿಸಿಕೊಂಡು ವಾರ್ಡಿಗೆ ಬರುತ್ತಿದ್ದ. ನನ್ನ ಬಲಗೈಗೆ ಸೂಜಿ, ಹಾಗಾಗಿ ತಾನೇ ತಿನ್ನಿಸುತ್ತಿದ್ದ. ಎರಡನೆಯ ಚೀಲ ಅರ್ಧಕ್ಕೆ ಬಂದಾಗ ಮುಖದ ಹತ್ತಿರ ಬಗ್ಗಿ, "ಈಗ ತುಟಿಗೆ ಬಣ್ಣ ಬಂತು ನೋಡು" ಎನ್ನುತ್ತಿದ್ದ. ಬಂದ ಬಣ್ಣ ಯಾವ ರಕ್ತದ್ದೆಂದು ನನಗೇ ತಿಳಿಯುತ್ತಿರಲಿಲ್ಲ. ಮದುವೆಯ ಮಾತನ್ನು ನಾನೇ ಎತ್ತಿದೆ. ದೀಪಾವಳಿ ಆದಮೇಲೆ ಅವ್ವನನ್ನು ಅಣ್ಣಿಗೇರಿಗೆ ಕರೆತರುತ್ತೇನೆ ಎಂದ.

ಗುಳಿಗೆ ಕುಡಿಯುವುದನ್ನು ಬಿಟ್ಟದ್ದು ಆಗಲೇ. ನಾರ್ಮಲ್ ಇದ್ದವಳಿಗೆ ಆ ಸುಣ್ಣದ ನೀರೇಕೆ? ಅವನ ಕೈಯಿಂದ ತಿನ್ನುವಾಗ ಹೊಟ್ಟೆ ತೊಳಸಬಾರದು, ನನಗೆ ಬೇಕಿದ್ದದ್ದು ಅಷ್ಟೇ. ಐದು ತಿಂಗಳು, ದಿನಾ ಬೆಳಿಗ್ಗೆ, ಕದಡಿದ ಲೋಟವನ್ನು ಅವ್ವನ ಕಣ್ಣು ತಪ್ಪಿಸಿ ಬಚ್ಚಲಿಗೆ ಸುರಿದೆ.

ದೀಪಾವಳಿಯ ಮರುವಾರ ನನಗೆಂದು ಹಸಿರು ಬ್ಲೌಸ್ ಹೊಲಿದುಕೊಂಡೆ. ರವಿವಾರ ಬೆಳಿಗ್ಗೆ ಕಾಕಿ ಬಂದು ಅದನ್ನು ಮಹಾನಂದಾಳಿಗೆಂದು ಕೇಳಿದಳು. ಹೆಣ್ಣು ನೋಡಲು ಬರುತ್ತಿದ್ದಾರೆ, ದವಾಖಾನೆಯಲ್ಲಿ ಕೆಲಸದ ಹುಡುಗನಂತೆ, ನಿಮ್ಮಿಬ್ಬರ ಅಳತೆ ಒಂದೇ ಅಲ್ಲವೇ ಎಂದಳು. ದವಾಖಾನೆಯಲ್ಲಿ ನೂರಾರು ಜನ. ಕೊಟ್ಟೆ. ಹೆರಳು ಹಾಕಿದವಳೂ ನಾನೇ. ಬಂದವರಿಗೆ ಕಾಲು ತೊಳೆಯಲು ತಂಬಿಗೆ ನೀರು ಹಿಡಿದು ಬಾಗಿಲಿಗೆ ಹೋದವಳೂ ನಾನೇ.

ಹೊಸ್ತಿಲಾಚೆ ಸಂಗನಬಸವ ನಿಂತಿದ್ದ. ತಂಬಿಗೆ ತೆಗೆದುಕೊಂಡ, ನನ್ನ ಮುಖ ನೋಡಲಿಲ್ಲ.

ಪಡಸಾಲೆಯ ಜಮಖಾನೆಯ ಮೇಲೆ ಉಪ್ಪಿಟ್ಟು ಆಯಿತು. ನಾನು ಚಹಾ ತಂದಾಗ ಅವನ ತಾಯಿ ಮಲ್ಲಕ್ಕ ಅಭಿಮಾನದಿಂದ ಹೇಳುತ್ತಿದ್ದಳು: "ಬ್ಯಾರೇದವ್ರು ಕಣ್ಣಿಂದ ಹೆಣ್ಣು ನೋಡ್ತಾರ್ರಿ. ನಮ್ಮ ಹುಡುಗ ಮಷೀನ್ ಹಚ್ಚಿ ಒಳಗಿಂದ ನೋಡ್ಯಾನ. ಅಗದಿ ಚಲೋ ಅದಾಳಂತ."

ಚಹಾದ ತಾಟು ಕೆಳಗಿಟ್ಟು ಅವನೆದುರು ನಿಂತೆ.

"ನಂದು ಹೆಂಗಿತ್ರಿ?"

ಅವನು ಬಸಿಯಲ್ಲಿ ಚೆಲ್ಲಿದ ಚಹಾ ನೋಡುತ್ತಾ, ನಾರ್ಮಲ್ ಇತ್ತು ಎಂದ.

"ಹಂಗಾರ ನನ್ನ ನೋಡಾಕ ಯಾಕ ಬರಲಿಲ್ರಿ?"

ನಮ್ಮಪ್ಪ ಶಂಭುಲಿಂಗಪ್ಪ ತಲೆ ತಗ್ಗಿಸಿದ. ಈ ಹುಡುಗಿ ಯಾರು ಎಂದು ಮಲ್ಲಕ್ಕ ಕೇಳಿದಳು. ಭಾವನ ಮಗಳು, ಸಣ್ಣಾಕಿ ಇದ್ದಾಗಿನಿಂದ ಆಕಿಗೆ ಆರಾಮಿಲ್ಲ ಎಂದಳು ಕಾಕಿ. ಎಲ್ಲರೂ ಅಯ್ಯೋ ಪಾಪ ಎಂಬಂತೆ ಗೋಣು ಹಾಕಿದರು. ಮಹಾನಂದಾ ನನ್ನನ್ನು ನೋಡಿದಳು, ತೊಟ್ಟಿದ್ದ ನನ್ನ ಬ್ಲೌಸ್ ನೋಡಿಕೊಂಡಳು, ಸೆರಗು ಎಳೆದುಕೊಂಡಳು. ಕೆಟ್ಟವಳಲ್ಲ ಅವಳು. ಎದ್ದು ಹೋಗಲಿಲ್ಲ, ಅಷ್ಟೇ. ಅರ್ಧ ತಾಸಿನಲ್ಲಿ ಸಂಬಂಧ ಗಟ್ಟಿಯಾಗಿ ಸಕ್ಕರೆ ಹಂಚಿದರು.

ಕೈ ತೊಳೆಯುವ ನೆಪದಲ್ಲಿ ಅವನು ಹಿತ್ತಲಿಗೆ ಬಂದ.

"ನಿನ್ನ ನರದ ಗ್ವಾಡಿ ಐವತ್ತು ದಾಟಿದವರದ್ದು ಇದ್ದಂಗ ಐತಿ, ದಾನವ್ವ. ಆವತ್ತೇ ಕಂಡಿದ್ದೆ. ನಿನ್ನ ಮಾರಿ ಬಾಡ್ತೈತಿ ಅಂತ ಹೇಳಲಿಲ್ಲ."

ವಾರ್ಡಿನಲ್ಲಿ ನಡೆದದ್ದೆಲ್ಲ ಸುಳ್ಳೇ ಎಂದು ಕೇಳಿದೆ.

"ಖರೇ. ನಿನ್ನ ಮ್ಯಾಲಿನ ಮನಸು ಖರೇ ಐತಿ. ಆದ್ರ ನಿನ್ನ ಕಟ್ಕೊಂಡು, ದಿನಾ ಅಂಜ್ಕೋಂತ ಬದುಕೂ ಧೈರ್ಯ ನನಗಿಲ್ಲ."

ಆಗ ನಾನು ಗುಳಿಗೆಯ ವಿಷಯ ಹೇಳಿದೆ. ಯಾವ ತಿಂಗಳಿಂದ, ಯಾರ ಮಾತು ನಂಬಿ ಎಂಬುದನ್ನೂ ಹೇಳಿದೆ. ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ? ನಾಳೆಯಿಂದಲೇ ಕುಡಿ ಎಂದು ತೊದಲಿದ. ಒಳಗಿನಿಂದ ಅವನ ತಾಯಿ ಕರೆದಳು, ಹೋದ.

ಡಿಸೆಂಬರಿನಲ್ಲಿ ಮದುವೆಯಾಯಿತು. ಜನವರಿಯಲ್ಲಿ ಅದೇ ಭವನ, ಅದೇ ಪರದೆ. ಹೋಲಿಕೆಗೆ ಕಳೆದ ವರ್ಷ ಬಂದವರೇ ಬರಬೇಕೆಂಬ ನಿಯಮ, ಮಹಾನಂದಾ ಕಾಲುಂಗುರ ಸದ್ದು ಮಾಡುತ್ತಾ ಬಂದಳು. ಮೊದಲು ಅವಳ ಸರದಿ. ಪರದೆಯ ಹಿಂದೆ ಅವಳು ಕಿಸಕ್ಕನೆ ನಕ್ಕದ್ದು ಆಚೆಗೆ ಕೇಳಿಸಿತು.

ನನ್ನ ಸರದಿಗೆ ಅವನು ಕರ್ಚೀಫು ತೆಗೆಯಲು ಜೇಬಿಗೆ ಕೈ ಹಾಕಿದ. ಬೇಡ ಎಂದೆ. ಹಳೆಯದನ್ನು ಒಗೆದು ಇಸ್ತ್ರಿ ಮಾಡಿ ತಂದಿದ್ದೆ. ಶಿವದಾರವನ್ನು ನಾನೇ ಸುತ್ತಿಕೊಂಡು ಕಪಾಟಿನ ಕಡೆ ತಿರುಗಿದೆ.

ನಾಡಿ ಕೇಳಿಸಿತು. ನಿಧಾನ, ಒಂದೇ ಸಮ. ಅವನು ಅದು ಜೋರಾಗಲೆಂದು ಕಾಯುತ್ತಿದ್ದ, ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು. ಆಗಲಿಲ್ಲ. ಅವನು ಅಳೆದ. ಮತ್ತೆ ಅಳೆದ. ಮೂರನೆಯ ಸಲ ಅಳೆದ. ಮೂರು ಸಲ ಎಂದರೇನೆಂದು ಈಗ ನನಗೆ ಗೊತ್ತಿತ್ತು.

"ಎಷ್ಟು?" ಎಂದೆ.

ಡಾಕ್ಟರ್ ಹೇಳುತ್ತಾರೆ ಎಂದ.

"ನೀ ಹೇಳು."

ಅವನನ್ನು ನಾನು ನೀ ಎಂದದ್ದು ಅದೇ ಮೊದಲು. ಅವನು ಒಂದೊಂದೇ ಹೇಳಿದ.

"ಮಹಾನಂದಾಂದು ಗ್ವಾಡಿ ದಪ್ಪ ಪಾಯಿಂಟ್ ನಾಕು ಏಳು ಮಿಲಿಮೀಟರ್. ನಿಂದು ಹೋದ ವರ್ಷ ಪಾಯಿಂಟ್ ಆರು ಒಂಬತ್ತು ಇತ್ತು. ಈಗ ಪಾಯಿಂಟ್ ಏಳು ಆರು."

ಕನ್ನಡಿಯಲ್ಲಿ ಅವನ ಕಣ್ಣು ತುಂಬಿತ್ತು. ನನ್ನ ಕೊರಳ ವಿಷಯದಲ್ಲಿ ನಾನು ಕೇಳಿದ್ದಕ್ಕೆ ಅವನು ನಿಜ ಹೇಳಿದ್ದು ಅದೊಂದೇ ಸಲ. ಹಾಳು ನಾಡಿ ಆಗ ಜೋರಾಯಿತು, ಕೋಣೆ ತುಂಬ, ಹೋದ ವರ್ಷದ ಹಾಗೆಯೇ. ಇಬ್ಬರೂ ಕೇಳಿಸಿಕೊಂಡೆವು. ಅವನು ಕೈ ಚಾಚಿ ಸ್ವಿಚ್ ಆರಿಸಿದ.

ಕರ್ಚೀಫನ್ನು ಮಂಚದ ಮೇಲೆ ಬಿಟ್ಟು ಹೊರಗೆ ಬಂದೆ. ಮಹಾನಂದಾ ಗಂಡನಿಗೆಂದು ತಂದಿದ್ದ ಗಿರ್ಮಿಟ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದು ನನ್ನೆರಡೂ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು, ಹೆದರಿದ್ದಳು.

"ಏನಂದ್ರವ್ವಾ?"

ನಾನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದೆ.

"ಅಗದಿ ನಾರ್ಮಲ್ ಐತಂತ" ಎಂದೆ.

ಅವಳು ನಿಟ್ಟುಸಿರು ಬಿಟ್ಟು ಡಬ್ಬಿ ತೆರೆದು ಮೊದಲ ತುತ್ತು ನನಗೇ ಹಿಡಿದಳು. ತಿಂದೆ. ಬೆಳಿಗ್ಗೆ ಕುಡಿದ ಗುಳಿಗೆಗೆ ಹೊಟ್ಟೆ ತೊಳಸುತ್ತಿತ್ತು.