ಹಿಂದಿನ ಸೀಟಿನ ತೂಕ

"ಸ್ಪ್ರಿಂಗ್ ಹಾಕ್ಸಿಬಿಡಿ ಮೇಡಂ. ಆಮೇಲೆ ನೀವು ಈ ಕಡೆ ಬರೋ ಹಾಗೇ ಇರಲ್ಲ."

ಕಾರಿನ ಅಡಿಯಿಂದ ಎದ್ದು ಬಂದು, ಹಳೇ ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಸವಪ್ರಭು ಹೇಳಿದ ಮಾತು ಇಷ್ಟೇ. ಒಳ್ಳೆಯ ಮೆಕ್ಯಾನಿಕ್ ಹೇಳಬೇಕಾದ ಮಾತೇ ಅದು. ಆದರೆ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದ ಉಮಾಮಹೇಶ್ವರಿಗೆ ಅದರ ಎರಡನೆಯ ಅರ್ಧ ಮಾತ್ರ ಕೇಳಿಸಿತು.

"ಬರೋದೇ ಬೇಡ ಅಂತೀರಾ?" ನಗುತ್ತಲೇ ಕೇಳಿದಳು.

ಅವನು ಅವಳ ಮುಖ ನೋಡಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿದ. "ನಿಮಗೇ ಒಳ್ಳೇದಲ್ವಾ" ಎಂದ.

ಅವಳು ಅರ್ಧ ಟೀ ಹಾಗೇ ಬಿಟ್ಟು ಎದ್ದಳು.

ಕಾರು ಅವಳ ಅಪ್ಪ ಮಹಾದೇವಯ್ಯನವರದು. ಗುಬ್ಬಿಯಲ್ಲಿ ಮೂವತ್ತು ವರ್ಷ ಹುಣಸೆಹಣ್ಣಿನ ವ್ಯಾಪಾರ ಮಾಡಿದ ಮನುಷ್ಯ, ಒಂಬತ್ತು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಆಸೆಪಟ್ಟು ಕೊಂಡ ದೊಡ್ಡ ಗಾಡಿ. ಅದರ ನಾಲ್ಕು ಮೂಲೆಯಲ್ಲೂ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು. ಬಟನ್ ಒತ್ತಿದರೆ ಕಾರು ಮೇಲೇಳುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಕೆಳಗಿಳಿಯುತ್ತಿತ್ತು. ಮಂಡಿಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಮಹಾದೇವಯ್ಯ ಬಟನ್ ಒತ್ತಿ, ಕಾರು ನಮಸ್ಕಾರ ಮಾಡ್ತದೆ ನೋಡ್ರಿ ಎಂದು ತೋರಿಸುತ್ತಿದ್ದರು.

ರಬ್ಬರಿಗೆ ವಯಸ್ಸಾಯಿತು. ಸಂಜೆ ನಿಂತ ಕಾರು ಬೆಳಿಗ್ಗೆ ನೋಡಿದರೆ ಎಡಗಡೆ ಮಂಡಿಯೂರಿ ಕೂತಿರುತ್ತಿತ್ತು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಹಾದೇವಯ್ಯನವರಿಗೂ ಎಡಗಾಲೇ ಬಿಗಿದಿತ್ತು. "ನಂದೂ ಎಡಗಾಲು, ಅದರದ್ದೂ ಎಡಗಾಲು. ಇಬ್ಬರೂ ಒಂದೇ ಡಾಕ್ಟ್ರ ಹತ್ರ ಹೋಗೋಣ ನಡಿ" ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಆ ಕಾಲು ಮಡಚುವುದಿಲ್ಲ. ಸಣ್ಣ ಕಾರಿನಲ್ಲಿ, ಆಟೋದಲ್ಲಿ ಅವರನ್ನು ಕೂರಿಸಲಾಗದು. ಬುಧವಾರ, ಶನಿವಾರ ಬೆಳಿಗ್ಗೆ ತುಮಕೂರಿಗೆ ಫಿಸಿಯೋಥೆರಪಿಗೆ ಹೋಗಬೇಕೆಂದರೆ ಈ ಗಾಡಿಯೇ ಬೇಕು. ಉಮಾ ವಸಂತನರಸಾಪುರದ ಮಸಾಲೆ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಆ ಎರಡು ದಿನ ಮಧ್ಯಾಹ್ನದ ಶಿಫ್ಟ್ ಕೇಳಿ ಹಾಕಿಸಿಕೊಂಡಿದ್ದಳು. ಕಾರು ನಿಲ್ಲಿಸಿ ಹತ್ತು ಹೆಜ್ಜೆ ಹೋದರೆ ಮೂರು ಸಲ ತಿರುಗಿ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಕೂತಿತೋ, ನಿಂತಿದೆಯೋ ಎಂದು.

ಏಳು ತಿಂಗಳ ಹಿಂದೆ ತುಮಕೂರಿನ ಕುಣಿಗಲ್ ರಸ್ತೆಯಲ್ಲಿ ಕಾರು ಹಾಗೆ ಕೂತಾಗ ಎದುರಿಗೇ ಇದ್ದದ್ದು ಬಸವಪ್ರಭುವಿನ ಗ್ಯಾರೇಜು. ಬಂದವನು ಬಾನೆಟ್ ಎತ್ತಲಿಲ್ಲ, ಮಾಡೆಲ್ ಕೇಳಲಿಲ್ಲ. ಅವನು ಕೇಳಿದ ಮೊದಲನೆಯ ಪ್ರಶ್ನೆಯೇ ಬೇರೆ.

"ಅಪ್ಪಾಜಿ ಯಾವ ಕಡೆ ಕೂತ್ಕೋತಾರೆ? ಕಾಲು ಪೂರ್ತಿ ಚಾಚಬೇಕಾ?"

ಸೀಟು ಇನ್ನೂ ನಾಲ್ಕು ಬೆರಳು ಹಿಂದಕ್ಕೆ ಹೋಗುವಂತೆ ಮಾಡಿಕೊಟ್ಟು, ಆಮೇಲೆ ಕಾರಿನ ಕೆಳಗೆ ನುಸುಳಿದ.

ಉಮಾಗೆ ಮೂವತ್ತನಾಲ್ಕು. ಅದಕ್ಕೆ ಮೊದಲು ಮೂರು ಸಂಬಂಧ ಬಂದು ಹೋಗಿದ್ದವು. ಬಂದವರು ಸಂಬಳ ಕೇಳಿದ್ದರು, ಸೈಟು ಕೇಳಿದ್ದರು, ಅಪ್ಪನನ್ನು ಯಾರ ಮನೆಯಲ್ಲಿ ಬಿಡುತ್ತೀರಿ ಎಂದೂ ಕೇಳಿದ್ದರು. ಅಪ್ಪ ಎಲ್ಲಿ ಕೂರುತ್ತಾರೆ ಎಂದು ಯಾರೂ ಕೇಳಿರಲಿಲ್ಲ.

ಅಲ್ಲಿಂದ ಶನಿವಾರಗಳು ಶುರುವಾದವು. ಅಪ್ಪನನ್ನು ಫಿಸಿಯೋಗೆ ಬಿಟ್ಟು, ಆ ಒಂದು ಗಂಟೆ ಗ್ಯಾರೇಜಿನ ನೀಲಿ ಕುರ್ಚಿ. ಒಂದು ವಾರ ಚೀಲ, ಇನ್ನೊಂದು ವಾರ ಪೈಪು, ಮತ್ತೊಂದು ವಾರ ಗಾಳಿ ತುಂಬುವ ಮೋಟಾರು. ಏನೂ ಕೆಡದ ವಾರ, ಏನೋ ಸದ್ದು ಬರ್ತಿದೆ ಎಂದು ಅವಳೇ ಹೇಳುತ್ತಿದ್ದಳು. ಅವನು ಗಂಭೀರವಾಗಿ ಕಿವಿಯಿಟ್ಟು ಕೇಳಿ, ಹೌದು ಮೇಡಂ, ಸ್ವಲ್ಪ ಬರ್ತಿದೆ ಎನ್ನುತ್ತಿದ್ದ. ಇಬ್ಬರಿಗೂ ಯಾವ ಸದ್ದೂ ಕೇಳಿಸಿರುತ್ತಿರಲಿಲ್ಲ.

ಅವಳು ಬಂದಾಗ ಅವನು ಸೋಪಿನ ಪುಡಿ ಹಾಕಿ ಮೂರು ಸಲ ಕೈ ತೊಳೆಯುತ್ತಿದ್ದ. ಆದರೂ ಟೀ ಲೋಟದ ಮೇಲೆ ಹೆಬ್ಬೆರಳಿನ ಗುರುತು ಉಳಿಯುತ್ತಿತ್ತು. ಅವಳ ದುಪಟ್ಟಾದಲ್ಲಿ ಧನಿಯಾ, ಒಣಮೆಣಸಿನಕಾಯಿ ವಾಸನೆ. ನೀವು ಬಂದು ಹೋದ ಮೇಲೆ ಅರ್ಧ ಗಂಟೆ ನಮ್ಮ ಗ್ಯಾರೇಜು ಸಾರಿನ ವಾಸನೆ ಹೊಡೀತದೆ ಎಂದು ಅವನು ಒಮ್ಮೆ ಅಂದಿದ್ದ. ನಿಮಗೆ ಹಸಿವಾಗುತ್ತೋ, ಸೀನು ಬರುತ್ತೋ ಎಂದು ಅವಳು ಕೇಳಿದ್ದಳು. ಅವನು ಕಾರಿನ ಕೆಳಗೆ ಹೋಗಿ, ಅಲ್ಲಿಂದ ನಕ್ಕಿದ್ದ.

ಅಂಥವನು ಈಗ, ನೀವು ಬರೋ ಹಾಗೇ ಇರಲ್ಲ ಅಂದಿದ್ದ.

ಅದಾದ ಮೇಲಿನ ಬುಧವಾರ ಫಿಸಿಯೋ ಮುಗಿಸಿ ಗುಬ್ಬಿಗೆ ವಾಪಸು ಬರುವಾಗ, ಹೆದ್ದಾರಿಯಲ್ಲಿ, ನೆರಳಿಲ್ಲದ ಕಡೆ ಕಾರು ಹಿಂದಿನ ಎರಡೂ ಚೀಲ ಬಿಟ್ಟು ಕೂತಿತು. ಫೋನ್ ಮಾಡಿದ್ದರೆ ಪ್ರಭು ಅರ್ಧ ಗಂಟೆಯಲ್ಲಿ ಬರುತ್ತಿದ್ದ. ಉಮಾ ಹಟಕ್ಕೆ ಮಾಡಲಿಲ್ಲ. ಬಾಟಲಿಯ ನೀರು ಮುಗಿಯಿತು. ಅಪ್ಪ ಟವೆಲಿನಿಂದ ಗಾಳಿ ಹಾಕಿಕೊಂಡರು. ಎರಡು ಗಂಟೆಯ ಮೇಲೆ, ಕಾದ ಮೋಟಾರು ತಣ್ಣಗಾಗಿ, ಕಾರು ಹೇಗೋ ನಾಲ್ಕು ಬೆರಳು ಎದ್ದಿತು. ಎತ್ತಿನ ಗಾಡಿಯ ವೇಗದಲ್ಲಿ ಮನೆ ಸೇರಿದರು.

ತನ್ನ ಹಟಕ್ಕೆ ಅಪ್ಪ ಬಿಸಿಲಲ್ಲಿ ಬೆಂದದ್ದು ಅವಳಿಗೆ ನಾಚಿಕೆ ತಂದಿತು. ಅವತ್ತು ಸಂಜೆಯೇ ಫೋನ್ ಮಾಡಿ, ಸ್ಪ್ರಿಂಗ್ ಹಾಕಿಬಿಡಿ ಎಂದಳು.

ಅವನು ಕೆಲವು ವಿವರ ಕೇಳಿದ. ಗಾಳಿ ಚೀಲಕ್ಕೆ ಯಾರು ಬಂದರೂ ಒಂದೇ, ಎಷ್ಟು ಜನ ಕೂತರೂ ಅದೇ ಹೆಚ್ಚುಕಮ್ಮಿ ಮಾಡಿಕೊಳ್ಳುತ್ತದೆ. ಸ್ಪ್ರಿಂಗಿಗೆ ಹಾಗಲ್ಲ, ಯಾರು ಯಾರು ಕೂರುತ್ತಾರೆಂದು ಮೊದಲೇ ತಿಳಿದು ತರಿಸಬೇಕು ಎಂದು ವಿವರಿಸಿದ.

"ಇಬ್ಬರೇ. ನಾನು, ಅಪ್ಪ."

"ಇಬ್ಬರೇನಾ?"

"ಇಬ್ಬರೇ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಪೆನ್ನು ಹುಡುಕುತ್ತಿದ್ದಾನೆ ಅಂದುಕೊಂಡಳು.

ಹತ್ತು ದಿನದ ಮೇಲೆ ಕಾರು ತಯಾರಾಯಿತು. ಹಳೇ ಮೋಟಾರನ್ನೂ ಆ ಬಟನ್ನನ್ನೂ ಒಂದು ರಟ್ಟಿನ ಡಬ್ಬದಲ್ಲಿ ಹಾಕಿ, ಅಪ್ಪಾಜಿಗೆ ನೆನಪಿಗಿರಲಿ ಎಂದು ಕೊಟ್ಟ. ಬೇರೆ ಮಾತು ಹೆಚ್ಚು ಆಗಲಿಲ್ಲ. ಟೀ ತರಿಸಲಾ ಅಂದ. ಬೇಡ ಅಂದಳು.

ಮಾರನೆಯ ಬೆಳಿಗ್ಗೆ ಕಾರು ನಿಂತೇ ಇತ್ತು. ಅದರ ಮರುದಿನವೂ ನಿಂತಿತ್ತು. ಮಹಾದೇವಯ್ಯ ಜಗಲಿಯಲ್ಲಿ ಕಾಫಿ ಹಿಡಿದು ಕೂತು, ನಮಸ್ಕಾರ ಮಾಡದಿದ್ದರೂ ಪರವಾಗಿಲ್ಲ, ನಿಂತುಕೊಂಡರೆ ಸಾಕು ಎಂದು ಒಪ್ಪಿಕೊಂಡರು. ಉಮಾಗೆ ಒಂದು ಭಾರ ಇಳಿದಿತ್ತು, ಆ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು. ಶನಿವಾರ ಅಪ್ಪನನ್ನು ಫಿಸಿಯೋಗೆ ಬಿಟ್ಟು, ಅಲ್ಲೇ ಕಾರಿಡಾರಿನ ಬೆಂಚಿನ ಮೇಲೆ ಒಂದು ಗಂಟೆ ಕೂತಳು. ಗ್ಯಾರೇಜಿಗೆ ಹತ್ತೇ ನಿಮಿಷದ ದಾರಿ. ಹೋಗಲು ಕಾರಣ ಇರಲಿಲ್ಲ.

ಕಾರಣ ಸಿಕ್ಕಿದ್ದು ಅಪ್ಪನಿಗೆ. ಮೂವತ್ತು ವರ್ಷ ತಕ್ಕಡಿ ಹಿಡಿದ ಕಣ್ಣು ಅವರದು. ಮೂರನೆಯ ವಾರ ಜಗಲಿಯಿಂದಲೇ ಕಾರನ್ನು ಓರೆಯಾಗಿ ನೋಡಿದರು.

"ಹಿಂದುಗಡೆ ಎದ್ದದೆ ಕಣವ್ವ. ಎರಡು ಬೆರಳು."

ರಸ್ತೆಯ ಹಂಪಿನ ಮೇಲೆ ಹೋದಾಗ ಹಿಂಭಾಗ ಎತ್ತಿ ಹಾಕುವುದನ್ನು ಉಮಾನೂ ಗಮನಿಸಿದ್ದಳು. ಮಹಾದೇವಯ್ಯ ಕೋಣೆಯಲ್ಲಿದ್ದ ಹುಣಸೆಹಣ್ಣಿನ ಮೂಟೆಗಳನ್ನು ಪಕ್ಕದ ಮನೆಯ ಅಂಜಿನಪ್ಪನ ಕೈಯಲ್ಲಿ ಹಿಂದಿನ ಸೀಟಿಗೆ ಹಾಕಿಸಿದರು. ಒಂದು ಮೂಟೆಗೆ ಸ್ವಲ್ಪ ಇಳಿಯಿತು. ಎರಡಕ್ಕೆ ಇನ್ನಷ್ಟು. ಮೂರನೆಯದು ಹಾಕಿದ ಮೇಲೆ ಕಾರು ಗೆರೆ ಎಳೆದಂತೆ ಸಮನಾಯಿತು. ಅವರು ಕಣ್ಣು ಕಿರಿದು ಮಾಡಿ ಮಗಳ ಕಡೆ ತಿರುಗಿದರು.

"ಅವನು ಕೆಲಸ ತಿಳೀದೋನಲ್ಲ. ಹಿಂದೆ ಇನ್ನಿಬ್ಬರು ಕೂರ್ತಾರೆ ಅಂತ ತಿಳ್ಕಂಡೇ ಮಾಡವ್ನೆ. ಯಾರವ್ವ ಆ ಇಬ್ಬರು?"

ಉಮಾಗೆ ಕಿವಿ ಬಿಸಿಯಾಯಿತು. ಕೇಳ್ಕೊಂಡು ಬರ್ತೀನಿ ಎಂದಳು.

ಶನಿವಾರ ಅವಳು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದಾಗ ಬಸವಪ್ರಭು ಬೇರೆ ಗಾಡಿಯ ಟೈರು ಬಿಚ್ಚುತ್ತಿದ್ದ. ಅವಳನ್ನು ಕಂಡು ಎದ್ದ. ಕೈ ತೊಳೆಯಲು ನಲ್ಲಿಯ ಕಡೆ ಹೊರಟವನನ್ನು ಅವಳು ನಿಲ್ಲಿಸಿದಳು.

"ನಾನು ಇಬ್ಬರೇ ಅಂತ ಹೇಳಿದ್ದೆ."

"ಹೌದು."

"ಹಿಂದೆ ಎರಡು ಬೆರಳು ಎತ್ತಿದೆ. ನಾನು ಲ್ಯಾಬಲ್ಲಿ ದಿನಾ ತೂಕ ಮಾಡೋಳು. ಎಷ್ಟು ಕೆ.ಜಿ. ಜಾಸ್ತಿ ಹಿಡಿದಿದ್ದೀರಿ?"

ಅವನು ಹೋಗಿ ಟೂಲ್ ಪೆಟ್ಟಿಗೆ ತೆರೆದ. ಮುಚ್ಚಳದ ಒಳಗಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಕೊಟ್ಟ. ಪ್ರತಿ ಗಾಡಿಗೂ ಅವನು ಹೀಗೆ ಬರೆಯುತ್ತಿದ್ದ: ಒಂದು ಉದ್ದನೆಯ ಚೌಕ, ನಾಲ್ಕು ಚಕ್ರ, ಕೂರುವವರಿಗೆ ಒಂದೊಂದು ಸೊನ್ನೆ. ಮುಂದಿನ ಬಲಕ್ಕೆ ಮೇಡಂ. ಎಡಕ್ಕೆ ಅಪ್ಪಾಜಿ, ಕಾಲು ಚಾಚಬೇಕು. ಹಿಂದೆ ಹೆಸರಿಲ್ಲದ ಎರಡು ಸೊನ್ನೆ. ಒಂದರಲ್ಲಿ ಎಪ್ಪತ್ತಾರು, ಇನ್ನೊಂದರಲ್ಲಿ ಐವತ್ತನಾಲ್ಕು.

"ಇವರು ಯಾರು?"

"ಎಪ್ಪತ್ತಾರು ನಾನು. ಐವತ್ತನಾಲ್ಕು ನಮ್ಮವ್ವ."

ಪಕ್ಕದ ಅಂಗಡಿಯ ಕಂಪ್ರೆಸರ್ ಸದ್ದು ಮಾಡುತ್ತಿತ್ತು. ಉಮಾ ಹಾಳೆಯನ್ನು ಇನ್ನೊಮ್ಮೆ ಓದಿದಳು.

ಆಮೇಲೆ ಅವನು ನಿಧಾನಕ್ಕೆ ಹೇಳಿಕೊಂಡ. ಆರ್ಡರ್ ಕೊಡುವಾಗ ಅಂಗಡಿಯವನು ಹಿಂದಕ್ಕೆ ಹಗುರದ್ದೋ ಭಾರದ್ದೋ ಎಂದು ಕೇಳಿದ್ದ. ಬಾಯಿಗೆ ಭಾರದ್ದು ಎಂದು ಬಂದಿತ್ತು. ಬೆಳಿಗ್ಗೆ ಬದಲಾಯಿಸೋಣ ಅಂದುಕೊಂಡವನು ಬದಲಾಯಿಸಲಿಲ್ಲ. ಸ್ಪ್ರಿಂಗ್ ಬಂದಾಗಲೂ ವಾಪಸು ಕಳಿಸಲಿಲ್ಲ. ಹದಿನಾರು ವರ್ಷದಲ್ಲಿ ಗೊತ್ತಿದ್ದೂ ತಪ್ಪು ಕೆಲಸ ಮಾಡಿದ್ದು ಇದೊಂದೇ, ಹಗುರದ್ದು ತರಿಸಿ ಹಾಕಿಕೊಡುತ್ತೇನೆ ಎಂದ.

"ನಾನು ಬರೋ ಹಾಗೇ ಇರಲ್ಲ ಅಂದ್ರಲ್ಲ ಅವತ್ತು. ಅದು?"

ಅವನು ಮೊದಲ ಸಲ ನೇರವಾಗಿ ಅವಳ ಕಣ್ಣು ನೋಡಿದ.

"ಪ್ರತಿ ಬುಧವಾರ ನೀವು ಗುಬ್ಬಿ ಮುಟ್ಟೋವರ್ಗೂ ನಾನು ಫೋನು ಕೈಯಲ್ಲೇ ಇಟ್ಕೊಂಡಿರ್ತಿದ್ದೆ ಮೇಡಂ. ನಾನು ಹೆದರಿದ್ದ ಹಾಗೇ ಆ ಬುಧವಾರ ನೀವು ಬಿಸಿಲಲ್ಲಿ ನಿಂತಿದ್ರಿ, ಫೋನೂ ಮಾಡ್ಲಿಲ್ಲ. ಆಮೇಲೆ ಅಪ್ಪಾಜಿ ಹೇಳಿದ್ರು. ಕಾರು ಕೆಟ್ರೇನೇ ನೀವು ನನ್ನ ಹತ್ರ ಬರೋದು ಅಂದ್ರೆ, ನಿಮ್ಮ ಕಾರು ಕೆಡ್ಲಿ ಅಂತ ನಾನು ಕಾಯಬೇಕಾಗುತ್ತೆ. ಅದು ಎಂಥಾ ಪ್ರೀತಿ?"

ಪ್ರೀತಿ ಎಂಬ ಮಾತು ಬಾಯಿಂದ ಬಂದ ಮೇಲೆ ಅವನಿಗೆ ಅರಿವಾಯಿತು. ಗ್ರೀಸಿನ ಕೈಯಲ್ಲೇ ಕುತ್ತಿಗೆ ಒರೆಸಿಕೊಂಡ. ಕುತ್ತಿಗೆಯ ಮೇಲೆ ಕಪ್ಪು ಗೆರೆ ಎದ್ದಿತು.

ಉಮಾ ಹೋಗಿ ನೀಲಿ ಕುರ್ಚಿಯಲ್ಲಿ ಕೂತಳು. ಒಂದು ಉದ್ದನೆಯ ಉಸಿರು ತಾನಾಗಿ ಹೊರಬಂತು. ಅದರ ಹಿಂದೆಯೇ ನಗು.

"ಸ್ಪ್ರಿಂಗ್ ಬದಲಾಯಿಸಬೇಡಿ" ಎಂದಳು.

"ಹಿಂದೆ ಎತ್ತೇ ಇರುತ್ತೆ."

"ತೂಕ ಹಾಕಿ ಸರಿ ಮಾಡೋಣ. ಟೀ ತರಿಸಿ ಪ್ರಭು, ಅವತ್ತಿನ ಅರ್ಧ ಟೀನೂ ಬಾಕಿ ಇದೆ."

ಅಪ್ಪನನ್ನು ಕರೆತರಲು ಇಬ್ಬರೂ ಹೋದರು. ಕೋಲು ಊರಿಕೊಂಡು ಹೊರಬಂದ ಮಹಾದೇವಯ್ಯ ಹಿಂದಿನ ಸೀಟಿನಲ್ಲಿ ಕೂತಿದ್ದವನನ್ನು ನೋಡಿದರು. ಅವನ ಕುತ್ತಿಗೆಯ ಕಪ್ಪು ಗೆರೆ ನೋಡಿದರು. ಕೊನೆಗೆ ಹಿಂದಿನ ಚಕ್ರದ ಕಡೆ ಬಗ್ಗಿದರು.

"ಒಂದು ಬೆರಳು ಇಳೀತು. ಇನ್ನೊಂದು?"

"ಅವ್ವ ಕುಣಿಗಲ್ಲಲ್ಲಿ ಅವ್ರೆ, ಯಜಮಾನ್ರೇ" ಎಂದ ಪ್ರಭು, ಸೀಟಿನಲ್ಲೇ ಅರ್ಧ ಎದ್ದು.

"ನಾಳೆ ಭಾನುವಾರ ಅಲ್ವೇನಯ್ಯ. ಹೋಗಿ ಕೇಳಿದ್ರಾಯ್ತು. ಆದ್ರೆ ಒಂದು ಮಾತು, ಮುಂದಿನ ಸೀಟು ಮಾತ್ರ ನಂದು."

ಭಾನುವಾರ ಕುಣಿಗಲ್ಲಿನ ಮನೆಯಲ್ಲಿ ಹಿರಿಯರ ಮಾತು ಒಂದೇ ಕಾಫಿಯಲ್ಲಿ ಮುಗಿಯಿತು. ಪ್ರಭುವಿನ ತಾಯಿ ನಿಂಗಮ್ಮನವರಿಗೆ ಕಿವಿ ಸ್ವಲ್ಪ ಮಂದ. ಕೇಳಿದ್ದಕ್ಕೆಲ್ಲ ಉಮಾಳ ಮುಖ ನೋಡಿಯೇ ಉತ್ತರ ಕೊಡುತ್ತಿದ್ದರು. ನಾಲ್ಕೂ ಜನ ಮಾರ್ಕೋನಹಳ್ಳಿ ಡ್ಯಾಮಿನವರೆಗೆ ಹೋಗಿ ಬರುವುದೆಂದಾಯಿತು. ನಿಂಗಮ್ಮ ಚಕ್ಕುಲಿ ಡಬ್ಬ ಹಿಡಿದು ಹಿಂದೆ ಹತ್ತಿ ಕೂತರು. ಪಕ್ಕದಲ್ಲಿ ಕೂತಿದ್ದ ಪ್ರಭು ಬಾಗಿಲಿನಿಂದ ತಲೆ ಹೊರಗೆ ಹಾಕಿ, ಚಕ್ರದ ಮೇಲೆ ಟೇಪು ಹಿಡಿದು ನೋಡಿದ. ಮುಂದಿನಿಂದ ಮಹಾದೇವಯ್ಯ ಎಷ್ಟು ಎಂದು ಕೇಳಿದರು.

"ಸರಿಯಾಗಿ ಕೂತಿದೆ, ಅಪ್ಪಾಜಿ."

ಯಜಮಾನ್ರೇ ಅನ್ನುತ್ತಿದ್ದವನು ಎದುರಿಗೆ ಹಾಗೆ ಕರೆದದ್ದು ಅದೇ ಮೊದಲು. ಅವರು ಮುಂದೆ ನೋಡುತ್ತಾ, ನಡಿಯವ್ವ ಎಂದು ಮಗಳಿಗೆ ಹೇಳಿದರು. ದಾರಿಯುದ್ದಕ್ಕೂ ಯಾವ ಹಂಪೂ ಅವರನ್ನು ಎತ್ತಿ ಹಾಕಲಿಲ್ಲ.

ಡ್ಯಾಮಿನ ಹತ್ತಿರ ಕಾರು ನಿಲ್ಲಿಸಿ ಎಲ್ಲರೂ ಇಳಿದರು. ಹಿರಿಯರಿಬ್ಬರೂ ಮುಂದೆ, ಕೋಲಿನ ನಡಿಗೆಗೆ ಚಕ್ಕುಲಿ ಡಬ್ಬ ಹೆಜ್ಜೆ ಹೊಂದಿಸಿಕೊಂಡಿತ್ತು. ಉಮಾ ನೀರಿನ ಕಡೆಯಿಂದ ಬರುವ ಗಾಳಿಗೆ ದುಪಟ್ಟಾ ಸರಿಮಾಡಿಕೊಳ್ಳುತ್ತಾ ನಡೆದಳು. ಸುಮಾರು ದೂರ ಹೋದ ಮೇಲೆ ಪಕ್ಕದಲ್ಲಿದ್ದವನೇ ನಿಂತು ಹಿಂದಕ್ಕೆ ತಿರುಗಿ ನೋಡಿದ. ಆಗ ಅವಳಿಗೆ ಹೊಳೆಯಿತು, ತಾನು ಒಂದು ಸಲವೂ ತಿರುಗಿ ನೋಡಿರಲಿಲ್ಲ.

"ಕೂತುಬಿಡ್ತಾ?" ನಗು ತಡೆದು ಕೇಳಿದಳು.

"ಇಲ್ಲ ಉಮಾ" ಎಂದ ಅವನು, ಮೇಡಂ ಎನ್ನುವುದನ್ನು ಮರೆತು. "ನಿಂತದೆ."