ಮಗ್ಗ ನಿಂತಾಗ ಕೇಳಿದ್ದು

ಗೋಡೆಯ ಗೂಡು ಖಾಲಿಯಿತ್ತು. ಅದರೊಳಗೆ ಖಾಜಾಬಿಯ ಕೈ ಮಾತ್ರ ಇತ್ತು. ಅಷ್ಟು ಕಂಡ ಕೊಟ್ರೇಶನಿಗೆ ಇನ್ನೇನೂ ಕಾಣುವುದು ಬೇಕಾಗಲಿಲ್ಲ.

"ಅವ್ವನ ಕಿವಿ ಮಷೀನ್ ಎಲ್ಲೈತಿ?"

"ಬಂದ್ ಮಾಡಾಕಂತ ಕೈ ಹಾಕೀನ್ರಿ ಅಣ್ಣಾರ. ನೋಡಿದ್ರ ಇಲ್ಲ."

ಗಜೇಂದ್ರಗಡಕ್ಕೆ ಮದುವೆಯಾಗಿ ಬಂದ ವರ್ಷದಿಂದ ಖಾಜಾಬಿ ಆ ನೇಕಾರರ ಮನೆಯಲ್ಲಿ ಕೂಲಿಗೆ ಲಾಳಿಯ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಈಗ ಠಾಣೆಯಲ್ಲಿ ಅವಳ ಹೆಸರು ಬರೆದರೆ ಮುಗಿಯಿತು. ಓಣಿಯ ಯಾವ ಮನೆಯೂ ಅವಳ ಕೈಗೆ ನೂಲು ಕೊಡುವುದಿಲ್ಲ.

ಕೊಟ್ರೇಶ ಠಾಣೆಗೆ ಫೋನ್ ಮಾಡಿಯೇಬಿಟ್ಟ.

*

ಹವಾಲ್ದಾರ್ ರಾಜೇಶ್ವರಿ ಬಂದಾಗಲೂ ಮಗ್ಗ ನಡೆದೇ ಇತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲಕೋಲಿನಲ್ಲಿ ನೂಲಿನ ಧೂಳು ತೇಲುತ್ತಿತ್ತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೊಟ್ರೇಶನ ಹೆಂಡತಿ ಉಮಾಶ್ರೀ ಲಾಳಿ ಓಡಿಸುತ್ತಿದ್ದಳು. ಖಟಕ್, ಖಟಕ್. ಆ ಸದ್ದಿನೊಳಗೆ ಕಾಲಿಟ್ಟರೆ ನೀರಿನಡಿಯ ಮನೆಯೊಂದಕ್ಕೆ ಇಳಿದಂತಿತ್ತು. ತುಟಿಗಳು ಅಲ್ಲಾಡುತ್ತಿದ್ದವು, ಮಾತು ತಡವಾಗಿ ಬಂದು ತಾಕುತ್ತಿತ್ತು.

"ಎಲ್ಲಿ ತಗೊಂಡಿದ್ರಿ?" ರಾಜೇಶ್ವರಿ ಕೂಗಿ ಕೇಳಿದಳು.

"ನರಗುಂದದಾಗ್ರಿ ಮೇಡಂ. ಸೀರಿ ಕೊಡಾಕ ಹೋಗಿದ್ದೆ."

"ಅವ್ವನ್ನ ಕರಕೊಂಡು ಹೋಗಿದ್ರಿ?"

"ಅವ್ವ ಯಾಕ್ರಿ? ವಯಸ್ಸಾದವರಿಗೆ ಒಂದು ಚಲೋದು ಕೊಡ್ರಿ ಅಂದೆ. ಕೊಟ್ಟ."

"ಚಪ್ಪಲಿ ತರಾಕ ಹೋದ್ರೂ ಕಾಲಿನ ಅಳತಿ ಕೇಳ್ತಾರಲ್ರೀ!"

ಕೊಟ್ರೇಶ ಮುಖ ಗಂಟಿಕ್ಕಿದ. "ಶಿರೋಳದಾಗ ಖಾಜಾಬಿ ಅವ್ವಗೂ ಕಿವಿ ಕೇಳಂಗಿಲ್ರಿ. ಆಕಿಗಂತನ ಒಯ್ದಾಳ."

ರಾಜೇಶ್ವರಿ ಕೊಟ್ರೇಶನ ತಾಯಿ ಶೇಖವ್ವನ ಎದುರು ಕೂತಳು. ಮುದುಕಿಗೆ ಕೇಳಿಸದೆಂಬುದನ್ನು ಮರೆತು ಮೆಲ್ಲಗೇ ಮಾತಾಡಿದಳು. "ಯಾರ ಮ್ಯಾಲೆ ಸಂಶಯ ಐತ್ರಿ, ಅವ್ವಾರ?"

"ಖಾಜಾಬಿ ಅಲ್ಲವ್ವ. ಆಕಿ ಕೈ ನಂಗ ಗೊತ್ತೈತಿ."

"ಮಷೀನ್ ಚಲೋ ಕೇಳ್ತಿತ್ತೇನು?"

"ಹಾಕ್ಕೊಂಡ್ರ ಮಗ್ಗ ತಲಿಯೊಳಗ ಬಡೀತಿತ್ತು. ಮಂದಿ ಮಾತ ಮಾತ್ರ ಹಂಗ ಉಳೀತು."

"ಬ್ಯಾಸರಾಗಿ ನೀವ ಒಗದಿಲ್ಲಲ್ಲ?"

"ಒಗ್ಯಾಕ ಬೇಡಿದ್ನೇನು? ನಂಗೊಂದು ದನಿ ಕೇಳಬೇಕಾಗೈತಿ."

"ಅವ್ವಾ, ಚಾ ಕುಡೀತಿ?" ಹಿಂದಿನಿಂದ ಕೊಟ್ರೇಶ ಗಂಟಲು ಹರಿಯುವಂತೆ ಕೂಗಿದ. ಶೇಖವ್ವ ತಿರುಗಲಿಲ್ಲ. ರಾಜೇಶ್ವರಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

*

ಖಾಜಾಬಿ ರಾಟೆಯ ಮುಂದೆ ಕೈಕಟ್ಟಿ ಕೂತಿದ್ದಳು. ರಾಟೆ ಸುಮ್ಮನಿತ್ತು.

"ಗೂಡಿನ್ಯಾಗ ಕೈ ಯಾಕ ಹಾಕಿದಿ?"

"ಅವ್ವಾರು ಜಳಕಕ್ಕ ಹೋಗೂವಾಗ ತಗದಿಡ್ತಾರ್ರಿ. ಅದಕ್ಕ ಬಟನ್ ಇಲ್ಲ. ಸೆಲ್ಲಿನ ಸಣ್ಣ ಬಾಗಲಾ ತಗದ್ರ ಮಾತ್ರ ಬಂದ್ ಆಗತೈತಿ. ದಿನಾ ನಾನ ತಗೀತೀನಿ."

"ಇದು ಯಾರ್ಯಾರಿಗೆ ಗೊತ್ತು?"

"ಅಣ್ಣಾರು ನನಗ, ಅವ್ವಾರಿಗೆ ತೋರಿಸಿದ್ರು. ಉಮಾ ಆವಾಗ ಒಲಿ ಮುಂದಿದ್ಲು." ಖಾಜಾಬಿ ಮಗ್ಗದ ಕಡೆ ಕೂಗಿದಳು. "ಏಳವಾ ಉಮಾ! ಮುಂಜಾನಿಂದ ಒಂದ ಸಮನ ಕುಂತಿ, ರೊಟ್ಟೀನೂ ತಿಂದಿಲ್ಲ."

"ಈ ಸೆರಗು ಮುಗೀಲಿ ತಡಿ." ಲಾಳಿ ಇನ್ನೂ ಜೋರಾಗಿ ಓಡಿತು.

ರಾಜೇಶ್ವರಿ ಬಿಸಿಲಕೋಲನ್ನೇ ನೋಡುತ್ತ ನಿಂತಳು. ತೀರಿಹೋದ ಅಪ್ಪ ನೆನಪಾದ. ಅವನಿಗೂ ಇಂಥದೇ ಮಷೀನ್ ಇತ್ತು. ಅದನ್ನು ತೆಗೆಯದೆ ಮಗ್ಗುಲಾಗಿ ನಿದ್ದೆ ಹೋದರೆ ದಿಂಬಿನಡಿಯಿಂದ ಸಣ್ಣಗೆ ಸಿಳ್ಳು ಕೇಳುತ್ತಿತ್ತು. ಅಪ್ಪನ ಕನಸಿನಲ್ಲಿ ಹಕ್ಕಿ ಬಂದಿದೆ ಎಂದು ಎಳೆಯ ರಾಜೇಶ್ವರಿ ಕಿವಿಗೊಟ್ಟು ಕೂರುತ್ತಿದ್ದಳು.

ಅವಳು ತಟ್ಟನೆ ತಿರುಗಿದಳು.

"ಉಮಾಶ್ರೀ, ಮಗ್ಗ ನಿಲ್ಲಸು."

"ಎಳಿ ಹರೀತಾವ್ರಿ ಮೇಡಂ."

"ಹರೀಲಿ. ನಿಲ್ಲಸು."

ಲಾಳಿ ನಿಂತಿತು. ಮನೆಯ ಮೇಲೆ ಮೌನ ಹತ್ತಿಯಂತೆ ಇಳಿಯಿತು. ಆ ಮೌನದೊಳಗಿಂದ, ಎಲ್ಲೋ ನೆಲದಡಿಯಿಂದ, ನೂಲಿನೆಳೆಯಷ್ಟು ತೆಳ್ಳಗಿನ ಸಿಳ್ಳು ಎದ್ದಿತು.

ಶೇಖವ್ವನೊಬ್ಬಳನ್ನು ಬಿಟ್ಟು ಎಲ್ಲರಿಗೂ ಅದು ಕೇಳಿಸಿತು.

ರಾಜೇಶ್ವರಿ ಕುಣಿಗೆ ಕೈ ಇಳಿಸಿ ಎಲೆ-ಅಡಿಕೆಯ ತಗಡಿನ ಡಬ್ಬಿಯೊಂದನ್ನು ತೆಗೆದಳು. ಮುಚ್ಚಳ ಎತ್ತಿದಳು. ಮಷೀನ್ ಅಲ್ಲಿತ್ತು.

"ಬಂದ್ ಮಾಡದ ಮುಚ್ಚಿಟ್ರ ಇದು ಸಿಳ್ಳ ಹಾಕತೈತಿ," ಅಂದಳು. "ಖಾಜಾಬಿ ಕದ್ದಿದ್ರ ಮೊದಲ ಸೆಲ್ಲಿನ ಬಾಗಲಾ ತಗೀತಿದ್ಲು. ಒಯ್ದವರಿಗೆ ಅದು ಗೊತ್ತಿರಲಿಲ್ಲ. ಸಿಳ್ಳ ಯಾರಿಗೂ ಕೇಳಬಾರದಂದ್ರ ಮಗ್ಗ ನಿಲ್ಲಬಾರದು. ರೊಟ್ಟಿ ಬಿಟ್ಟು ಮಗ್ಗ ನಡಸಿದವರು ಒಬ್ಬರ."

ಉಮಾಶ್ರೀ ಕುಣಿಯಿಂದ ಎದ್ದು ಬಂದಳು. ಮೊದಲು ಅವಳು ಖಾಜಾಬಿಯ ಕೈ ಹಿಡಿದಳು. "ನಿನ್ನ ಮ್ಯಾಲೆ ಬರತೈತಿ ಅಂತ ಅಂದಕೊಂಡಿರಲಿಲ್ಲ ಅಕ್ಕಾ. ಆಮ್ಯಾಲೆ ಬಾಯಿ ಬಿಡಾಕ ಅಂಜಿದೆ."

"ಯಾಕ ಮಾಡಿದಿ?" ಕೊಟ್ರೇಶ ಕೇಳಿದ.

"ಅತ್ತಿ ಮುಂದ ಕುಂತು ದಿನಾ ಎಲ್ಲಾ ಹೇಳ್ಕೋತೀನಿ. ಅವರಿಗೆ ಕೇಳಂಗಿಲ್ಲ ಅಂತನ ಹೇಳ್ಕೋತೀನಿ. ಈ ಮನಿಯಾಗ ನನಗ ಬ್ಯಾರೆ ಎಲ್ಲಿ ಜಾಗಾ ಐತಿ? ಇನ್ನ ಮ್ಯಾಲೆ ಅವರಿಗೆ ಕೇಳಿದ್ರ ಅದೂ ಹೋಗತೈತಿ."

ಶೇಖವ್ವ ಸೊಸೆಯ ಮುಖದಿಂದ ಕಣ್ಣು ಕೀಳದೆ ಕೂತಿದ್ದಳು.

"ಚಿನ್ನು ಅಂತ ಹೆಸರ ಇಟ್ಟಿದ್ದಿ," ಅಂದಳು. "ಹೌದಲ್ಲೇನ ಉಮಾ?"

ಕೊಟ್ರೇಶ ಗೋಡೆಗೆ ಒರಗಿದ. ತೊಟ್ಟಿಲಿಗೆ ಬರುವ ಮೊದಲೇ ಹೋದ ಕೂಸು ಅದು. ಆ ಮನೆಯಲ್ಲಿ ಅದರ ಮಾತನ್ನು ಯಾರೂ ಎತ್ತಿರಲಿಲ್ಲ.

"ಮಗ್ಗದ ಸಪ್ಪಳದಾಗ ಬೆಳದಾಕಿ ನಾನು. ಹುಡಿಗ್ಯಾರಿದ್ದಾಗಿಂದ ತುಟಿ ನೋಡೇ ಮಾತಾಡೇವಿ. ನೀ ಹೇಳಿದ್ದೆಲ್ಲಾ ನಂಗ ಕಂಡೈತಿ."

"ಹಂಗಾರ ಮಷೀನ್ ಯಾಕ ಬೇಡಿದ್ರಿ, ಅತ್ತಿ?"

"ಅಳು ಬಂದಾಗೆಲ್ಲಾ ನೀ ಮಾರಿ ಬಗ್ಗಸ್ತಿ. ಅಲ್ಲಿಂದ ಮುಂದಿಂದು ನಂಗ ಕಾಣಂಗಿಲ್ಲ. ಅದು ಕೇಳಬೇಕಾಗಿತ್ತು."

ಡಬ್ಬಿಯೊಳಗಿನದು ಇನ್ನೂ ಸಣ್ಣಗೆ ಹಾಡುತ್ತಿತ್ತು. ಕೊಟ್ರೇಶ ಖಾಜಾಬಿಯ ಮುಂದೆ ಬಂದು ನಿಂತ. ಕೈ ಜೋಡಿಸಿದ.

"ಮೊದಲ ಸೆಲ್ಲ ತಗೀರಿ ಅಣ್ಣಾರ," ಖಾಜಾಬಿ ಕಣ್ಣೊರೆಸಿಕೊಂಡಳು. "ಪಾಪ, ಮುಂಜಾನಿಂದ ಒದರಾಕ ಹತ್ತೇತಿ. ತಪ್ಪಾತು ಅನ್ನೂದು ಆಮ್ಯಾಲೆ ಅನ್ನೀರಂತ, ಓಣಿ ಮಂದಿ ಮುಂದ."

ಅವನು ಹಾಗೆಯೇ ಮಾಡಿದ.

*

ಕೋರ್ಟಿನ ಕೆಲಸಕ್ಕೆ ರೋಣಕ್ಕೆ ಹೊರಟ ದಿನ ರಾಜೇಶ್ವರಿ ಅತ್ತೆ-ಸೊಸೆಯರನ್ನೂ ಕರೆದೊಯ್ದಳು. ಅಲ್ಲಿ ಕಿವಿ ಪರೀಕ್ಷಿಸುವ ಸಾಬೀರಾ ಶೇಖವ್ವನನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಒಂದೊಂದೇ ದನಿ ಕೇಳಿಸಿದಳು. ದಪ್ಪ ಸದ್ದು ಶೇಖವ್ವನಿಗೆ ಇನ್ನೂ ಕೇಳುತ್ತಿತ್ತು. ತೆಳ್ಳನೆಯದನ್ನೆಲ್ಲ ಮಗ್ಗ ನುಂಗಿತ್ತು.

"ಆ ಮಷೀನ್ ಎಲ್ಲಾನೂ ದೊಡ್ಡದ ಮಾಡ್ತಿತ್ರಿ," ಅಂದಳು ಸಾಬೀರಾ. "ಅವ್ವಾರಿಗೆ ಕಮ್ಮಿ ಇದ್ದದ್ದಷ್ಟ ಏರಿಸೂದು ಬೇಕು. ಮಗ್ಗದ ಸಪ್ಪಳ ಅಡಗಿಸೂದು ಬೇಕು. ಕಿವಿ ಅಚ್ಚು ತಗೊಂಡು ಅವರ ಕಿವಿಗೇ ಕೂಡೂವಂಗ ಮಾಡಸೋಣು." ಆಮೇಲೆ ಉಮಾಶ್ರೀಯ ಕಡೆ ತಿರುಗಿದಳು. "ಯಾರ ದನಿ ಕೇಳಬೇಕೋ ಅವರ ಮಾತಾಡಬೇಕ್ರಿ. ತುಟಿ ಕಾಣದಂಗ ಹಿಂದ ಕುಂದರ್ರಿ."

ಒಂದು ಮಷೀನ್ ಹಾಕಿದರು. ಶೇಖವ್ವ ತಲೆಯಾಡಿಸಿದಳು, ಇಲ್ಲ. ಇನ್ನೊಂದು. ಇಲ್ಲ.

ಮೂರನೆಯದು ಹಾಕುವಾಗ ಉಮಾಶ್ರೀಗೆ ಅಳು ಬಂತು. ಅಭ್ಯಾಸದಂತೆ ಮುಖ ಬಗ್ಗಿಸಿ, ಮಡಿಲಿಗೆ ಹೇಳಿಕೊಂಡಂತೆ ಆ ಕೂಸಿನ ಹೆಸರನ್ನು ಅಂದಳು.

ಶೇಖವ್ವ ಕಣ್ಣು ಮುಚ್ಚಿದಳು. ಹಿಂದಕ್ಕೆ ಕೈ ಚಾಚಿ ಸೊಸೆಯ ತಲೆಯನ್ನು ಹುಡುಕಿದಳು.

"ಇದ ಕೊಡ್ರಿ," ಅಂದಳು.